ಅಪ್ಪನ ಜನತಾ ವಾಚು: ಸರ್ವಿಸ್ ಆಗಿ 28 ತಿಂಗಳು

ನನ್ನ ಕೈಯಲ್ಲಿರುವ ಎಚ್‌ಎಂಟಿ ಜನತಾ ಅಪ್ಪನದು. ಮೂರು ವರ್ಷದ ಹಿಂದೆ ಕಪಾಟಿನಿಂದ ತೆಗೆದಾಗ ದಿನಕ್ಕೆ 4 ನಿಮಿಷ ಹಿಂದೆ ಬೀಳುತ್ತಿತ್ತು. ಬೆಳಿಗ್ಗೆ ಪೂರ್ತಿ ಚಾವಿ ಕೊಟ್ಟರೂ ಮಧ್ಯರಾತ್ರಿಯೊಳಗೆ ನಿಂತು ಬಿಡುತ್ತಿತ್ತು. ಈಗ ದಿನಕ್ಕೆ ಕೆಲವೇ ಸೆಕೆಂಡ್ ಆಚೀಚೆ. ನಡುವೆ ಎರಡು ಸರ್ವಿಸ್ ಆಗಿವೆ. ಮೊದಲನೆಯದು ದುಡ್ಡು ದಂಡ, ಎರಡನೆಯದು ಚೊಲೋ. ಹಳೆ ಚಾವಿ ವಾಚು ರಿಪೇರಿಗೆ ಕೊಡುವ ಯೋಚನೆ ಇದ್ದವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕೊಟ್ಟದ್ದು ಧಾರವಾಡದ ಒಂದು ಅಂಗಡಿಗೆ. ಹೆಸರು ಬೇಡ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ 300 ರೂಪಾಯಿ ತಗೊಂಡರು. ಆಗಲೇ ಅನುಮಾನ ಬರಬೇಕಿತ್ತು. ಮಶಿನ್ ಬಿಚ್ಚಲೇ ಇಲ್ಲ. ಹಿಂದಿನ ಮುಚ್ಚಳ ತೆಗೆದು ಪೆಟ್ರೋಲ್ ಹಚ್ಚಿ, ಮೇಲಿಂದ ಎಣ್ಣೆ ಬಿಟ್ಟು, ವೇಗ ಹೊಂದಿಸುವ ರೆಗ್ಯುಲೇಟರ್ ಕಡ್ಡಿಯನ್ನು ಫಾಸ್ಟ್ ಕಡೆಗೆ ಸರಿಸಿದ್ದರು, ಅಷ್ಟೇ. ಮೂರು ವಾರ ಟೈಮ್ ಚೆನ್ನಾಗಿಯೇ ತೋರಿಸಿತು. ಆಮೇಲೆ ಒಂದು ದಿನ 40 ಸೆಕೆಂಡ್ ಮುಂದೆ, ಮರುದಿನ ಒಂದು ನಿಮಿಷ ಹಿಂದೆ. ಹೊಸ ಎಣ್ಣೆ ಹಳೆ ಕೊಳೆಯ ಜೊತೆ ಸೇರಿ ಅಂಟಾಗಿತ್ತು.

ಎರಡನೆಯವರು ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ಒಂದು ಸಂದಿಯಲ್ಲಿ ಕೂರುವ ಹಿರಿಯರು. ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ವಾಚು ತೆರೆದು ನೋಡಿ, "ಇದನ್ನ ಯಾರ್ ಮಾಡಿದ್ರಿ? ಮೊದಲ ತೊಳಿಬೇಕ್ರಿ, ಆಮ್ಯಾಲ ಎಣ್ಣಿ" ಎಂದರು. ಒಂಬತ್ತು ದಿನ ಇಟ್ಟುಕೊಂಡರು. ಒಂದೊಂದು ಚಕ್ರವನ್ನೂ ಬಿಚ್ಚಿ ತೊಳೆದರು. ಚಾವಿ ಕೊಟ್ಟಾಗ ಸುತ್ತಿಕೊಳ್ಳುವ ಮೇನ್ ಸ್ಪ್ರಿಂಗ್ ಸೋತು ಹೋಗಿತ್ತು, ಹೊಸದು ಹಾಕಿದರು. ಎಲ್ಲ ಸೇರಿ 1,100 ರೂಪಾಯಿ. ಮನೆಗೆ ತಂದಾಗ ದಿನಕ್ಕೆ 18 ಸೆಕೆಂಡ್ ಮುಂದೆ ಓಡುತ್ತಿತ್ತು. ಒಂದು ವಾರ ಕಟ್ಟಿಕೊಂಡು ಬನ್ನಿ ಅಂತ ಅವರೇ ಹೇಳಿದ್ದರು. ಎರಡನೇ ಸಲ ಕೂತು ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ 6 ಸೆಕೆಂಡಿಗೆ ತಂದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

6 ಸೆಕೆಂಡ್ ಅಂದರೆ ಕಡಿಮೆಯೋ ಜಾಸ್ತಿಯೋ? ಈ ಮಶಿನ್ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ದಿನಕ್ಕೆ 4,32,000 ಸಲ. ದಿನದ 86,400 ಸೆಕೆಂಡಿನಲ್ಲಿ 6 ತಪ್ಪಿತು ಅಷ್ಟೇ. ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಕ್ರೋನೋಮೀಟರ್‌ಗಳಿಗೆ, ಅಂದರೆ ಪರೀಕ್ಷೆ ಪಾಸಾದ ನಿಖರ ವಾಚುಗಳಿಗೆ, ಇರುವ ಮಿತಿಯೇ ದಿನಕ್ಕೆ −4ರಿಂದ +6 ಸೆಕೆಂಡ್. ಹಾಗಂತ ನನ್ನ ವಾಚು ಅವುಗಳ ಸಾಲಿಗೆ ಸೇರಲಿಲ್ಲ. ಅವುಗಳನ್ನು ಐದು ಭಂಗಿಯಲ್ಲಿ, ಮೂರು ಉಷ್ಣತೆಯಲ್ಲಿ ಇಟ್ಟು ಹದಿನೈದು ದಿನ ಪರೀಕ್ಷೆ ಮಾಡುತ್ತಾರೆ. ನನ್ನದು ದಿನದ ಕೊನೆಗೆ ಬಂದ ಮೊತ್ತ ಮಾತ್ರ. ಇನ್ನು ಸಾಧಾರಣ ಬ್ಯಾಟರಿ ವಾಚು ತಿಂಗಳಿಗೆ 15 ಸೆಕೆಂಡ್ ತಪ್ಪಬಹುದು ಅಷ್ಟೇ. ಬರೀ ಹೊತ್ತು ನೋಡಬೇಕು ಅನ್ನುವವರು ಅದನ್ನೇ ತಗೊಳ್ಳಿ, ಸುಮ್ನೆ ತಲೆನೋವು ಯಾಕೆ?

ಆ ಮೊತ್ತದೊಳಗೆ ಏನಿದೆ ಅಂತ ಗೊತ್ತಾಗಿದ್ದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದ ಮೇಲೆ. ಫೋನಿನ ಮೈಕಿನಿಂದ ಟಿಕ್ ಟಿಕ್ ಕೇಳಿ ಲೆಕ್ಕ ಹಾಕುವ ಆಪ್ ಇವೆ, ಅದರಲ್ಲೂ ನೋಡಿದೆ. ಡಯಲ್ ಮೇಲೆ ಮಾಡಿ ಮೇಜಿನ ಮೇಲೆ ಮಲಗಿಸಿದರೆ ದಿನಕ್ಕೆ 14 ಸೆಕೆಂಡ್ ಮುಂದೆ ಹೋಗುವ ವೇಗ. ಕೈಯಲ್ಲಿದ್ದಾಗ ಸುಮಾರು 1 ಸೆಕೆಂಡ್ ಮುಂದೆ. ಪಟ್ಟಿ ಹಿಡಿದು ನೇತು ಹಾಕಿದರೆ 3 ಸೆಕೆಂಡ್ ಹಿಂದೆ. ವಾಚಿನ ವೇಗ ಕಾಯುವುದು ಆಚೀಚೆ ತೂಗುವ ಬ್ಯಾಲೆನ್ಸ್ ಚಕ್ರ. ಮಲಗಿದಾಗ ಅದು ತನ್ನ ಅಚ್ಚಿನ ತುದಿಯ ಮೇಲೆ ತಿರುಗುತ್ತದೆ. ನೇತಾಡುವಾಗ ಅಚ್ಚಿನ ಪಕ್ಕ ಅದನ್ನು ಹಿಡಿದಿರುವ ಪುಟ್ಟ ಕಲ್ಲಿಗೆ ತಾಗುತ್ತದೆ, ಘರ್ಷಣೆ ಜಾಸ್ತಿ, ತೂಗಾಟ ಕಡಿಮೆ. ಅದಕ್ಕೇ ಈ ವ್ಯತ್ಯಾಸ. ಹಾಗಾಗಿ ಅಂಗಡಿಯವರು "ಸೆಕೆಂಡ್ ಟು ಸೆಕೆಂಡ್ ಟೈಮ್ ಕೊಡ್ತದ" ಎಂದರೆ ಯಾವ ಭಂಗಿಯಲ್ಲಿ ನೋಡಿದ್ದು ಎಂದು ಕೇಳಿ. ಒಂದೇ ಭಂಗಿಯಲ್ಲಿ ಸೊನ್ನೆ ಇದ್ದು ಉಳಿದ ಕಡೆ 40, 50 ತಪ್ಪುವ ವಾಚಿಗಿಂತ ಎಲ್ಲ ಕಡೆ 10ರ ಆಸುಪಾಸು ಇರುವುದೇ ವಾಸಿ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಗದಗಿನ ಮನೆಯಲ್ಲಿ ಅಪ್ಪ ರಾತ್ರಿ ವಾಚನ್ನು ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತು ಹಾಕುತ್ತಿದ್ದರು. ಮೇಜಿನ ಮೇಲೆ ಇಟ್ಟರೆ ಮಕ್ಕಳು ಕೆಡವುತ್ತಾರೆ ಅಂತ ಇರಬೇಕು ಎಂದುಕೊಂಡಿದ್ದೆ. ಇರಲೂಬಹುದು. ನಾನೂ ಒಂದು ವಾರ ಹಾಗೇ ಮೊಳೆಗೆ ಹಾಕಿ ನೋಡಿದೆ. ಏಳು ದಿನದಲ್ಲಿ ಒಟ್ಟು ತಪ್ಪಿದ್ದು 4 ಸೆಕೆಂಡ್! ಹಗಲು ಗಳಿಸಿದ್ದನ್ನು ರಾತ್ರಿ ಕಳೆಯುತ್ತಿತ್ತು. ಅಪ್ಪ ಆಕಾಶವಾಣಿ ಧಾರವಾಡದ ವಾರ್ತೆಗೆ ಮುಂಚಿನ ಪಿಪ್ ಪಿಪ್ ಸದ್ದಿಗೆ ವಾಚು ಹೊಂದಿಸುತ್ತಿದ್ದರು, ಅದೂ ಭಾನುವಾರ ಮಾತ್ರ. ವಾರಕ್ಕೊಮ್ಮೆ ಯಾಕೆ ಸಾಕಾಗುತ್ತಿತ್ತು ಅಂತ ಈಗ ಗೊತ್ತಾಯ್ತು.

ಒಮ್ಮೆ ಮಾತ್ರ ಗಾಬರಿ ಆಯಿತು. ಹದಿನಾಲ್ಕನೇ ತಿಂಗಳಲ್ಲಿ ಏಕಾಏಕಿ ದಿನಕ್ಕೆ 5 ನಿಮಿಷ ಮುಂದೆ ಓಡತೊಡಗಿತು. ಬಿದ್ದಿಲ್ಲ, ನೀರು ಹೋಗಿಲ್ಲ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಓಡಿದೆ. ಹಿರಿಯರು ಒಂದು ದಿಕ್ಸೂಚಿ ತೆಗೆದು ವಾಚಿನ ಹತ್ತಿರ ಹಿಡಿದರು, ಮುಳ್ಳು ಅಲುಗಾಡಿತು. ಆಯಸ್ಕಾಂತ ಹಿಡಿದಿತ್ತು. ನನ್ನ ಫೋನಿನ ಹೊಸ ಕವರಿನ ಮ್ಯಾಗ್ನೆಟ್ ಮುಚ್ಚಳದ ಮೇಲೆ ದಿನಾ ವಾಚು ಇಡುತ್ತಿದ್ದೆ, ಅದೇ ಕಾರಣ. ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳ್ಳನೆಯ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡ ಆದಂತೆ, ವಾಚು ಮುಂದೆ ಓಡುತ್ತದೆ. ಆಯಸ್ಕಾಂತ ಇಳಿಸುವ ಡಿಮ್ಯಾಗ್ನೆಟೈಸರ್ ಮೇಲೆ ಒಂದು ಸಲ ಆಡಿಸಿದರು, ಮುಗಿಯಿತು. 50 ರೂಪಾಯಿ. ನಿಮ್ಮ ವಾಚೂ ಹೀಗೆ ಒಮ್ಮೆಲೇ ನಿಮಿಷಗಟ್ಟಲೆ ಓಡಿದರೆ ಸರ್ವಿಸ್ ಅಂತ ಸಾವಿರ ಕೊಡುವ ಮುಂಚೆ ಇದನ್ನು ನೋಡಿಸಿ.

ಬಿಡಿಭಾಗದ ಚಿಂತೆ ಇದ್ದೇ ಇದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಶುರು ಮಾಡಿತು. 2016ರಲ್ಲಿ ಕೇಂದ್ರ ಸರ್ಕಾರ ವಾಚು ಕಂಪನಿ ಮುಚ್ಚುವ ತೀರ್ಮಾನ ಮಾಡಿತು. ಲೆಕ್ಕವಿಲ್ಲದಷ್ಟು ವಾಚು ಮಾಡಿದ್ದರಿಂದ ಹಳೆ ಮಶಿನ್ ಒಡೆದು ಭಾಗ ತೆಗೆಯುವುದು ಇನ್ನೂ ನಡೆಯುತ್ತಿದೆ. ಆದರೆ ಆನ್‌ಲೈನ್‌ನಲ್ಲಿ ಬರುವ ಬಣ್ಣಬಣ್ಣದ ಡಯಲ್‌ನ 'ಹೊಸ' ಜನತಾಗಳಿಂದ ದೂರ ಇರಿ. ಹಲವು ವಾಚಿನ ತುಂಡು ಸೇರಿಸಿ ಬಣ್ಣ ಹೊಡೆದ ಮಾಲೇ ಜಾಸ್ತಿ.

ಈಗ 28 ತಿಂಗಳು. ಮಲಗಿದಾಗಿನ ವೇಗ ಅಷ್ಟೇ ಇದೆ, ನೇತು ಹಾಕಿದಾಗ ಮಾತ್ರ 3ರ ಬದಲು 11 ಸೆಕೆಂಡ್ ಹಿಂದೆ ಬೀಳುತ್ತಿದೆ. ತೂಗಾಟ ಕುಗ್ಗುತ್ತಿದೆ ಎಂದರ್ಥ. ನಮ್ಮ ಎರೆ ಮಣ್ಣಿನ ಧೂಳು, ಸರಿಯಾಗಿ ಮುಚ್ಚದ ಹಳೆ ಕೇಸು, ಬೇಗ ಕೊಳೆ ಆಗೋದು ಸಹಜ ಅಲ್ವಾ? ಹಿರಿಯರಿಗೆ ಫೋನ್ ಮಾಡಿದ್ದೆ. "ದೀಪಾವಳಿ ಆಗ್ಲಿ, ತಗೊಂಡ್ ಬರ್ರಿ. ಅಲ್ಲೀತನಕಾ ಮೊಳಿಗೆ ಹಾಕಬ್ಯಾಡ್ರಿ, ಮಲಗಸ್ರಿ" ಎಂದರು.