ಗರ್ಭದಿಂದ ಮುಪ್ಪಿನವರೆಗೆ: ಒಂದು ವಿಡಿಯೊ ಪಾಠಕ್ರಮದ ವಿಮರ್ಶೆ

ಮನುಷ್ಯನ ಮಾನಸಿಕ ವಿಕಾಸವನ್ನು ಗರ್ಭಾವಸ್ಥೆಯಿಂದ ವೃದ್ಧಾಪ್ಯದವರೆಗೆ ವಿವರಿಸುವ ಕನ್ನಡದ ವಿಡಿಯೊ ಪಾಠಕ್ರಮವೊಂದನ್ನು ಖಾಸಗಿ ಸಂಸ್ಥೆಯೊಂದರಿಂದ ಹಣ ಕೊಟ್ಟು ಪಡೆದು ಪೂರ್ತಿಯಾಗಿ ನೋಡಿದ್ದೇನೆ. ಬಿ.ಎಡ್. ವಿದ್ಯಾರ್ಥಿಗಳನ್ನೂ ಆಸಕ್ತ ಪೋಷಕರನ್ನೂ ಗಮನದಲ್ಲಿಟ್ಟುಕೊಂಡು ಇದನ್ನು ಸಿದ್ಧಪಡಿಸಲಾಗಿದೆ. ಯಾವ ವಯಸ್ಸಿಗೆ ಯಾವ ಹಂತ ಎಂಬ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದು ಈ ವಿಷಯದಲ್ಲಿ ನಮ್ಮ ಹಳೆಯ ರೂಢಿ. ಪಾಠಕ್ರಮವು ಕೆಲವೆಡೆ ಆ ರೂಢಿಯನ್ನು ಸೊಗಸಾಗಿ ಮುರಿಯುತ್ತದೆ, ಕೆಲವೆಡೆ ಅದಕ್ಕೇ ಶರಣಾಗುತ್ತದೆ.

ಅತ್ಯುತ್ತಮವಾದದ್ದು ಗರ್ಭಾವಸ್ಥೆಯ ಪಾಠ. ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಗುಟ್ಟು ಕೇಳಿಸಿಕೊಂಡ ಅಭಿಮನ್ಯುವಿನ ಕಥೆಯನ್ನು ಮುಂದಿಟ್ಟು ಗರ್ಭಸಂಸ್ಕಾರದ ಹೆಸರಿನಲ್ಲಿ ವ್ಯಾಪಾರ ನಡೆಯುತ್ತಿರುವಾಗ, ಉಪನ್ಯಾಸಕರು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಪ್ರಕಟಿಸಿದ ಪ್ರಯೋಗವನ್ನು ಬಿಡಿಸಿ ಹೇಳುತ್ತಾರೆ. ಹುಟ್ಟಿ ಮೂರು ದಿನವೂ ಆಗದ ಶಿಶುಗಳ ಕಿವಿಗೆ ಹೆಡ್‌ಫೋನ್ ಇಟ್ಟು, ಬಾಯಿಗೆ ಹಾಲಿಲ್ಲದ ನಿಪ್ಪಲ್ ಕೊಡಲಾಗಿತ್ತು. ಚೀಪುವುದರ ನಡುವಿನ ಬಿಡುವು ಹೆಚ್ಚುಕಡಿಮೆಯಾದಂತೆ ತಾಯಿಯ ದನಿಯೋ ಬೇರೊಬ್ಬ ಹೆಂಗಸಿನ ದನಿಯೋ ಕೇಳಿಸುತ್ತಿತ್ತು. ಶಿಶುಗಳು ತಾಯಿಯ ದನಿ ಕೇಳಿಸುವಂತೆ ತಮ್ಮ ಲಯವನ್ನೇ ಬದಲಿಸಿಕೊಂಡವು. ಮಗು ಗುರುತಿಸುವುದು ದನಿಯನ್ನು, ಮಾತಿನ ಏರಿಳಿತವನ್ನು. ಅರ್ಥವನ್ನಲ್ಲ ಎಂದು ಅವರು ಖಚಿತವಾಗಿ ಹೇಳಿರುವುದು ಮೆಚ್ಚಬೇಕಾದ ಸಂಗತಿ.

ತಾಯಿ–ಮಗುವಿನ ಬಾಂಧವ್ಯದ ಪಾಠದಲ್ಲಿ ಮೇರಿ ಐನ್ಸ್‌ವರ್ತ್ ಅವರ ಪ್ರಸಿದ್ಧ ಪರೀಕ್ಷೆಯ ವಿವರಣೆಯೂ ಇಷ್ಟೇ ಚೆನ್ನಾಗಿದೆ. ಅಪರಿಚಿತ ಕೋಣೆಯಲ್ಲಿ ಒಂದು ವರ್ಷದ ಆಸುಪಾಸಿನ ಮಗುವನ್ನು ಬಿಟ್ಟು ತಾಯಿ ಹೊರಗೆ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಆಕೆ ಮರಳಿದಾಗ ಹೇಗೆ ಬರಮಾಡಿಕೊಂಡಿತು ಎಂಬುದೇ ಮುಖ್ಯ ಎಂಬ ಸೂಕ್ಷ್ಮ ಇಲ್ಲಿ ಮನದಟ್ಟಾಗುತ್ತದೆ. ಆದರೆ ತಾಯಿಯನ್ನು ಬಿಟ್ಟಿರುವುದು ಅಪರೂಪವಾದ ಜಪಾನಿನ ಮಕ್ಕಳಿಗೆ ಇದೇ ಪರೀಕ್ಷೆ ವಿಪರೀತ ಒತ್ತಡ ತಂದಿತೆಂಬ ಚರ್ಚೆಯ ಸುಳಿವೂ ಇಲ್ಲ. ಅಜ್ಜಿ, ಚಿಕ್ಕಮ್ಮ, ಅತ್ತೆಯರ ಕಂಕುಳಲ್ಲಿ ಬೆಳೆಯುವ ನಮ್ಮ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಏಳಲೇಬೇಕಿತ್ತು.

ಹರೆಯ ಮತ್ತು ನಡುವಯಸ್ಸಿನ ಪಾಠಗಳು ನೀರಸವಾಗಿವೆ. ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಮನುಷ್ಯನ ಬಾಳನ್ನು ವಿಂಗಡಿಸಿದ ಎಂಟು ಹಂತಗಳನ್ನು ಸ್ಲೈಡಿನ ಮೇಲೆ ತೋರಿಸಿ ಓದಿಬಿಡುತ್ತಾರೆ. ಎಂಟರಲ್ಲಿ ಐದು ಹಂತಗಳು ಹದಿಹರೆಯಕ್ಕೇ ಮುಗಿದು, ಉಳಿದ ಇಡೀ ಬಾಳಿಗೆ ಮೂರೇ ಹಂತಗಳು ಏಕೆ ಉಳಿದವೆಂದು ಕೇಳುವ ವ್ಯವಧಾನವೂ ಇಲ್ಲ.

ಮುಪ್ಪಿನ ಪಾಠಕ್ಕೆ ಬರುವಾಗ ಉಪನ್ಯಾಸಕರಿಗೆ ಮತ್ತೆ ಹುರುಪು ಬಂದಂತಿದೆ. ವಾರ್ನರ್ ಶಾಯಿ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನದ ಸಾರ ಇಲ್ಲಿದೆ: ಬೇರೆ ಬೇರೆ ವಯಸ್ಸಿನವರನ್ನು ಒಂದೇ ಸಲಕ್ಕೆ ಹೋಲಿಸಿದರೆ ಬುದ್ಧಿಶಕ್ತಿ ಬೇಗನೆ ಕುಗ್ಗುವಂತೆ ಕಾಣುತ್ತದೆ, ಅದೇ ಜನರನ್ನು ಏಳು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋದರೆ ಹಲವು ಸಾಮರ್ಥ್ಯಗಳು ಅರವತ್ತರ ಆಸುಪಾಸಿನವರೆಗೂ ಗಟ್ಟಿಯಾಗಿಯೇ ಉಳಿಯುತ್ತವೆ. ಈ ವ್ಯತ್ಯಾಸದ ಬಹುಪಾಲು ತಲೆಮಾರುಗಳಿಗೆ ಸಿಕ್ಕ ಶಿಕ್ಷಣ, ಆರೋಗ್ಯಗಳದ್ದು. ವಯಸ್ಸಾದ ಪಿಯಾನೊ ವಾದಕ ರೂಬಿನ್‌ಸ್ಟೈನ್ ಕಡಿಮೆ ಕೃತಿಗಳನ್ನು ಆಯ್ದು, ಅವನ್ನೇ ಹೆಚ್ಚು ಅಭ್ಯಾಸ ಮಾಡಿ, ವೇಗದ ಭಾಗಕ್ಕೆ ಮುನ್ನ ನಿಧಾನಿಸುತ್ತಿದ್ದರೆಂದು ಮನೋವಿಜ್ಞಾನಿ ಪಾಲ್ ಬಾಲ್ಟಸ್ ಕೊಟ್ಟ ಉದಾಹರಣೆಯೂ ಉಂಟು. ನಮ್ಮ ಹಿರಿಯ ಗಾಯಕರ ಕಛೇರಿ ಕೇಳಿದವರಿಗೆ ಈ ಜಾಣ್ಮೆ ಅಪರಿಚಿತವಲ್ಲ. ಮರೆಗುಳಿ ಕಾಯಿಲೆಗೆ ಮಾತ್ರ ಎರಡೇ ಮಾತು ಸಂದಿದೆ.

ಧ್ವನಿಮುದ್ರಣ ಸ್ಪಷ್ಟವಾಗಿದೆ. ಕೊನೆಯ ಪರೀಕ್ಷೆ ಮಾತ್ರ ಪಾಠದ ಮಟ್ಟಕ್ಕೆ ತಕ್ಕುದಲ್ಲ: ಪ್ರಯೋಗಗಳ ಬಗ್ಗೆ ಒಂದೂ ಪ್ರಶ್ನೆಯಿಲ್ಲದೆ ಹಂತಗಳ ಹೆಸರು ಮತ್ತು ವಯಸ್ಸನ್ನಷ್ಟೇ ಕೇಳುತ್ತಾರೆ. ಸಂದೇಹಗಳನ್ನು ಬರೆದು ಕಳಿಸಿದರೆ ‘ಪಾಠವನ್ನು ಮತ್ತೊಮ್ಮೆ ವೀಕ್ಷಿಸಿ’ ಎಂಬ ಸಿದ್ಧ ಉತ್ತರ ಬರುತ್ತದೆ. ಅಂಕಗಳಿಗಾಗಿಯೇ ಓದುವವರಿಗೆ ಪಠ್ಯಪುಸ್ತಕ ಸಾಕು. ಪೋಷಕರು, ಶಿಕ್ಷಕರು, ಮನೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವವರು ಗರ್ಭಾವಸ್ಥೆ, ಬಾಂಧವ್ಯ ಮತ್ತು ಮುಪ್ಪಿನ ಪಾಠಗಳಿಗಾಗಿ ಇದನ್ನು ಧಾರಾಳವಾಗಿ ಕೊಳ್ಳಬಹುದು. ಬಿಡಿ ಪಾಠಗಳ ಮಾರಾಟವಿಲ್ಲದಿರುವುದರಿಂದ ಪೂರ್ತಿ ಶುಲ್ಕ ತೆರಬೇಕಾಗುತ್ತದೆ.