ಡೊಂಬಿವಲಿಯ ಎಐ ಎಕ್ಸ್‌ರೇ ಸೆಂಟರ್: 5ಕ್ಕೆ ಮೂರೂವರೆ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ ಹತ್ತಿರದ ಒಂದು ಡಯಾಗ್ನಾಸ್ಟಿಕ್ ಸೆಂಟರ್. ದೂರುವುದೂ ಇದೆ, ಹಾಗಾಗಿ ಹೆಸರು ಬೇಡ. ಬಾಗಿಲಲ್ಲೇ ‘ಎಐ ಎಕ್ಸ್‌ರೇ’ ಅಂತ ದೊಡ್ಡ ಬೋರ್ಡು. ಅತ್ತೆಗೆ ಕೆಮ್ಮು ಬಿಡ್ತಾನೇ ಇರಲಿಲ್ಲ, ನಮ್ಮ ಡಾಕ್ಟರು ಎದೆಯ ಎಕ್ಸ್‌ರೇ ಬರೆದುಕೊಟ್ಟಿದ್ದರು.

ಕೆಲಸವೇನೋ ಬೇಗ ಆಯಿತು. ಟೆಕ್ನಿಷಿಯನ್ ಹುಡುಗಿ ಅತ್ತೆಯ ಸರ ತೆಗೆಸಿ, ಗದ್ದ ಮೇಲೆತ್ತಿಸಿ, “ಶ್ವಾಸ ಘ್ಯಾ, ರೋಖೂನ್ ಧರಾ” ಅಂದಳು. ಅತ್ತೆಗೆ ಮರಾಠಿ ಅಷ್ಟಕ್ಕಷ್ಟೇ. ನಾನು ಆಚೆಯಿಂದ “ಉಸಿರು ಹಿಡ್ಕೊಳ್ಳಿ ಅತ್ತೆ” ಅಂತ ಕೂಗಿದೆ.

ರಿಕ್ಷಾ ಕ್ಯೂನಲ್ಲಿ ನಿಂತಿದ್ದಾಗಲೇ ವಾಟ್ಸಾಪ್‌ಗೆ ಎಐ ರಿಪೋರ್ಟ್ ಬಂತು. ಬಲ ಶ್ವಾಸಕೋಶದ ಮೇಲ್ಭಾಗಕ್ಕೆ ಕೆಂಪು-ಹಳದಿ ಬಣ್ಣ, ಪಕ್ಕದಲ್ಲಿ ‘ಟಿಬಿ ಶಂಕೆ’. ಡಾಕ್ಟರ ಸಹಿ ಇಲ್ಲ. ಅತ್ತೆ ಅದನ್ನು ನೋಡಿದವರು ಮನೆ ಮುಟ್ಟುವ ತನಕ ಮಾತಾಡಲಿಲ್ಲ. ಸಹಿ ಆಗದ್ದನ್ನು ಪೇಷಂಟ್ ಕೈಗೆ ಯಾಕೆ ಕೊಡಬೇಕು? ಕೌಂಟರಿನಲ್ಲಿ ಕೇಳಿದರೆ “ಸಿಸ್ಟಮ್ ತಾನಾಗೇ ಕಳಿಸುತ್ತೆ ಮೇಡಂ” ಅಂತೆ!

ಸಂಜೆ ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇ ಓದುವ ಡಾಕ್ಟರು, ಫೋನ್ ಮಾಡಿದರು. ಮೊದಲ ಪ್ರಶ್ನೆಯೇ, “ಇವರಿಗೆ ಮುಂಚೆ ಟಿಬಿ ಆಗಿತ್ತಾ? ಹಳೇ ಫಿಲ್ಮ್ ಇದೆಯಾ?” ಆಗಿತ್ತು, ಹುಬ್ಬಳ್ಳಿಯಲ್ಲಿದ್ದಾಗ. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ತೆಗೆಸಿದ್ದ ಫಿಲ್ಮ್ ಕಪಾಟಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು. ಮಾರನೇ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಅದೇ ಜಾಗ, ಅದೇ ಗೆರೆ. ವಾಸಿಯಾದ ಟಿಬಿಯ ಕಲೆ. ಹಿಂದೆ ಟಿಬಿ ಆದವರಲ್ಲಿ ಸಾಫ್ಟ್‌ವೇರ್ ಹೀಗೆ ಎಡವುವುದು ಜಾಸ್ತಿ. ಅದು ನೋಡಿದ್ದು ಇದೊಂದೇ ಚಿತ್ರ ಅಲ್ವಾ. ಆದರೂ ಅವರು ಕಫ ಪರೀಕ್ಷೆ ಬಿಡಲಿಲ್ಲ. ನೆಗೆಟಿವ್ ಬಂತು.

ಎಐ ದಂಡ ಅಂತ ನಾನು ಹೇಳಲ್ಲ. ರೇಡಿಯಾಲಜಿಸ್ಟ್ ಸಿಗದ ಊರುಗಳಲ್ಲಿ ಯಾರಿಗೆ ಕಫ ಪರೀಕ್ಷೆ ಬೇಕು ಅಂತ ಆರಿಸೋಕೆ ಇದು ಬೇಕು. 15 ವರ್ಷ ತುಂಬಿದವರ ಟಿಬಿ ತಪಾಸಣೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಒಪ್ಪಿದೆ. ಸ್ವೀಡನ್‌ನಲ್ಲಿ 80,000 ಹೆಂಗಸರ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ನೋಡುವಾಗ ಅರ್ಧದಷ್ಟಕ್ಕೆ ಡಾಕ್ಟರುಗಳ ಜೊತೆ ಎಐ ಇಟ್ಟು ನೋಡಿದರು. 2023ರಲ್ಲಿ ಬಂದ ಲೆಕ್ಕದ ಪ್ರಕಾರ ಚಿತ್ರ ಓದುವ ಕೆಲಸ 44% ಇಳಿಯಿತು, ಕ್ಯಾನ್ಸರ್ ಪತ್ತೆಯೇನೂ ಕಮ್ಮಿಯಾಗಲಿಲ್ಲ.

ಈ ಸೆಂಟರಿಗೆ ಹೋಗುವುದಾದರೆ ಹಳೇ ಫಿಲ್ಮ್ ತಗೊಂಡು ಹೋಗಿ. ಸಹಿ ಆದ ರಿಪೋರ್ಟ್ ಮಾತ್ರ ಕಳಿಸಿ ಅಂತ ದುಡ್ಡು ಕಟ್ಟುವಾಗಲೇ ಹೇಳಿಬಿಡಿ. ಬಿಲ್ಲಿನಲ್ಲಿ ‘ಎಐ ಚಾರ್ಜ್’ ಅಂತ 150 ರೂಪಾಯಿ ಬೇರೆ ಸೇರಿಸ್ತಾರೆ, ಬೇಡ ಅಂದರೆ ತೆಗೀತಾರೆ. ಮೂರೂವರೆಯಲ್ಲಿ ಮೂರು ಆ ರೇಡಿಯಾಲಜಿಸ್ಟ್‌ಗೆ.