ವಾರ್ಮರ್ ಸಾಕೋ, ಇನ್‌ಕ್ಯುಬೇಟರ್ ಬೇಕೋ?

ದಿನ ತುಂಬದೆ ಹುಟ್ಟಿದ ಕೂಸನ್ನು ಎಲ್ಲಿ ಇಡಿಸೋಣ ಎಂದು ಕಾರವಾರ, ಶಿರಸಿ ಕಡೆಯವರು ಕೇಳುವಾಗ ಬೆಚ್ಚಗಿನ ಮಾತಷ್ಟೇ ಬರುತ್ತದೆ, ನೀರಿನ ಮಾತು ಬರುವುದಿಲ್ಲ. ಗರ್ಭದ 28 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿನ ಚರ್ಮ ಎಷ್ಟು ತೆಳುವೆಂದರೆ, ಮೈಯ ನೀರು ಅದರ ಮೂಲಕವೇ ಆವಿಯಾಗುತ್ತದೆ. ಹೋಗುವಾಗ ಶಾಖವನ್ನೂ ಒಯ್ಯುತ್ತದೆ.

ತೆರೆದ ವಾರ್ಮರ್‌ನಲ್ಲಿ, ಅಂದರೆ ಮೇಲಿನಿಂದ ಶಾಖ ಬೀರುವ ಹಾಸಿಗೆಯಲ್ಲಿ, ಕೂಸು ಕೈಗೆ ಸಿಗುತ್ತದೆ, ಹುಟ್ಟಿದ ತಕ್ಷಣದ ಚಿಕಿತ್ಸೆಗೆ ಅದೇ ಅನುಕೂಲ. ಆದರೆ ನೀರು ಹೆಚ್ಚು ಹೋಗುತ್ತದೆ. ಮುಚ್ಚಿದ ಇನ್‌ಕ್ಯುಬೇಟರ್‌ನಲ್ಲಿ, ಅಂದರೆ ಬೆಚ್ಚಗಿಡುವ ಪಾರದರ್ಶಕ ಪೆಟ್ಟಿಗೆಯಲ್ಲಿ, ಮೊದಲ ವಾರ ತೇವಾಂಶವನ್ನು ಶೇ. 70–80ರ ಆಸುಪಾಸು ಇಟ್ಟರೆ ಈ ನಷ್ಟ ಬಹಳ ಇಳಿಯುತ್ತದೆ. ಅತಿ ಸಣ್ಣ ಕೂಸಿಗೆ ನನ್ನ ಮತ ಇದಕ್ಕೇ. ತೇವಾಂಶದ ವ್ಯವಸ್ಥೆ ಇದೆಯೇ, ಅದರ ನೀರನ್ನು ಶುಚಿಯಾಗಿ ಇಡುತ್ತಾರೆಯೇ ಎಂದು ಕೇಳಿ. ಕೊಳಕು ನೀರು ಸೋಂಕಿನ ಮನೆ.

ನಮ್ಮ ಕರಾವಳಿಯ ಗಾಳಿಯೇ ಒದ್ದೆಯಲ್ಲವೇ ಎನ್ನುತ್ತಾರೆ ಹಲವರು. ಅದನ್ನು ಎ.ಸಿ. ಒಣಗಿಸುತ್ತದೆ. ಪೆಟ್ಟಿಗೆಯೊಳಗೆ ಕಾಯಿಸಿದಾಗ ಸಾಪೇಕ್ಷ ತೇವಾಂಶ, ಅಂದರೆ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ಇದೆ ಎಂಬುದು, ಇನ್ನೂ ಕುಸಿಯುತ್ತದೆ.

ಉಸಿರಾಟ ಸರಿಯಿರುವ, ಸ್ವಲ್ಪ ಬಲಿತ ಕೂಸಿಗೆ ಅಮ್ಮನ ಎದೆಗೊರಗಿಸುವ ಕಾಂಗರೂ ಆರೈಕೆ ಒಳ್ಳೆಯದು. ಹುಟ್ಟಿದಾಗಿನಿಂದಲೇ ಅದನ್ನು ಶುರುಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ಎಲ್ಲಿಟ್ಟರೂ ದಿನದ ತೂಕ, ಮೂತ್ರ ಎಷ್ಟೆಂದು ವೈದ್ಯರನ್ನು ಕೇಳುತ್ತಿರಿ; ನೀರು ಎಷ್ಟು ಹೋಗುತ್ತಿದೆ ಎಂಬ ಸುಳಿವು ಅವುಗಳಿಂದಲೇ ಸಿಗುತ್ತದೆ.